ತಟಸ್ಥನ ಸಾಕ್ಷ್ಯ

ತಟದಲ್ಲಿ ನಿಂತವನು ತಟಸ್ಥನು. ಹೊಳೆಯು ತುಂಬಿ ಹರಿಯುತ್ತಿರುವಾಗ ಅದರ ಸೆಳೆತಕ್ಕೆ ಸಿಕ್ಕದೆ ದಡದಲ್ಲಿ ನಿಂತು ನೋಡುವವನೆಂಬುದೇ ಆ ಶಬ್ದದ ಮೂಲಾರ್ಥವು. ಆದರೆ ಲೋಕವ್ಯವಹಾರದಲ್ಲಿ ಈ ಮಾತು ಎರಡು ವಿರುದ್ಧಭಾವಗಳಲ್ಲಿ ಬಳಕೆಯಾಗುತ್ತಿರುವುದನ್ನು ಎಲ್ಲರೂ ಬಲ್ಲರು. ಇಬ್ಬರು ದಾಯಾದಿಗಳು ಗದ್ದೆಯ ಬದುವಿಗಾಗಿ ಹೊಡೆದಾಡುವಾಗ ಊರಿನ ಹಿರಿಯರೊಬ್ಬರನ್ನು ಕರೆತಂದು, ‘ಇವರು ತಟಸ್ಥರು, ಇವರು ಹೇಳಿದಂತಾಗಲಿ’ ಎಂದರೆ ಅದು ಪ್ರಶಂಸೆ. ಅದೇ ಹಿರಿಯರು, ಯಾರ ಪತ್ರವು ಸುಳ್ಳೆಂಬುದನ್ನು ಬಲ್ಲವರಾಗಿದ್ದೂ, ಎಲೆಯಡಿಕೆಯನ್ನು ಮೆಲ್ಲುತ್ತ ಸುಮ್ಮನೆ ಕುಳಿತು ಎದ್ದುಹೋದರೆ, ‘ಅವರು ತಟಸ್ಥರಾಗಿಬಿಟ್ಟರು’ ಎಂದು ಅನ್ಯಾಯಕ್ಕೊಳಗಾದವನ ಮನೆಯವರು ಆಡಿಕೊಳ್ಳುವುದು ನಿಂದೆ. ಮನುಷ್ಯನೂ ಒಬ್ಬನೇ, ಮಾತೂ ಒಂದೇ. ಒಂದು ಕಡೆ ಅದು ಭೂಷಣ, ಇನ್ನೊಂದು ಕಡೆ ಕಳಂಕ. ಹಾಗಾದರೆ ತಾಟಸ್ಥ್ಯವು ಗುಣವೋ ದೋಷವೋ ಎಂಬ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದೇ ಆಗಿದೆ.

ಈ ವಿಚಾರಕ್ಕೆ ಒದಗುವ ದೃಷ್ಟಾಂತವೊಂದು ಆಧುನಿಕ ಖಗೋಳಶಾಸ್ತ್ರದಲ್ಲಿ ದೊರೆಯುತ್ತದೆ. ನಕ್ಷತ್ರವೊಂದು ಸಿಡಿದು ಹೋದ ಮೇಲೆ ಅದರ ಸುತ್ತಲೂ ಉಳಿದಿರುವ ಅನಿಲಮೇಘಗಳಿಗೆ ಶಾಸ್ತ್ರಜ್ಞರು ಇಟ್ಟಿರುವ ವಿಶೇಷಣವೂ ‘ತಟಸ್ಥ’ವೆಂಬುದೇ. ತಟಸ್ಥ ಜಲಜನಕವೆಂದು ಅದನ್ನು ಕರೆಯುವರು. ಆ ಮೇಘಗಳ ನಡವಳಿಕೆಯನ್ನು ತಾಳ್ಮೆಯಿಂದ ಪರಿಶೀಲಿಸಿದರೆ, ಮನುಷ್ಯನ ತಾಟಸ್ಥ್ಯದಲ್ಲಿ ಗಂಟುಬಿದ್ದಿರುವ ಎರಡು ಎಳೆಗಳನ್ನು ಬಿಡಿಸಿ ನೋಡಲು ಅನುಕೂಲವಾಗುತ್ತದೆ.

1572ನೆಯ ಇಸವಿ ನವೆಂಬರ್ 11ರ ಸಂಜೆ, ಅಂದು ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದು ಇಂದು ಸ್ವೀಡನ್ನಿನಲ್ಲಿರುವ ಸ್ಕೋನೆ ಪ್ರಾಂತದಲ್ಲಿ, ಟೈಕೋ ಬ್ರಾಹೆ ಎಂಬ ತರುಣ ಪಂಡಿತನು ಆಕಾಶವನ್ನು ನೋಡಿ ಬೆರಗಾದನು. ಕ್ಯಾಸಿಯೋಪಿಯವೆಂಬ ನಕ್ಷತ್ರಪುಂಜದಲ್ಲಿ, ಹಿಂದೆ ಯಾವ ತಾರೆಯೂ ಇರದಿದ್ದ ಸ್ಥಾನದಲ್ಲಿ, ಶುಕ್ರನಷ್ಟು ಪ್ರಕಾಶಮಾನವಾದ ಒಂದು ಹೊಸ ತಾರೆಯು ಬೆಳಗುತ್ತಿದ್ದಿತು. ಬಾಲ್ಯದಿಂದ ಆಕಾಶವನ್ನು ಕಂಠಪಾಠ ಮಾಡಿದ್ದವನಾದರೂ ಅವನು ತನ್ನ ಕಣ್ಣನ್ನೇ ನಂಬಲಿಲ್ಲ. ಜೊತೆಯಲ್ಲಿದ್ದ ಸೇವಕರನ್ನು ಕೇಳಿದನು. ಅಷ್ಟಕ್ಕೂ ತೃಪ್ತನಾಗದೆ ದಾರಿಯಲ್ಲಿ ಗಾಡಿಯಲ್ಲಿ ಹೋಗುತ್ತಿದ್ದ ಹಳ್ಳಿಗರನ್ನು ನಿಲ್ಲಿಸಿ, ಅಲ್ಲಿ ಒಂದು ತಾರೆಯು ಅವರಿಗೂ ಕಾಣುವುದೇ ಎಂದು ವಿಚಾರಿಸಿದನು. ತನಗೆ ಬೇಕಾದುದನ್ನೇ ಕಣ್ಣು ಕಾಣುವುದುಂಟೆಂಬ ಸಂಶಯವಿದ್ದುದರಿಂದ, ಆ ವಿಷಯದಲ್ಲಿ ಯಾವ ಅಭಿಮಾನವೂ ಇಲ್ಲದವರ ಸಾಕ್ಷ್ಯವು ಅವನಿಗೆ ಬೇಕಾಗಿದ್ದಿತು. ಆ ತಾರೆಯು ಹಗಲಿನಲ್ಲಿಯೂ ಕಾಣುವಷ್ಟು ಬೆಳಗಿ, ಕ್ರಮೇಣ ಮಂಕಾಗಿ, 1574ರ ವಸಂತದ ಹೊತ್ತಿಗೆ ಕಣ್ಣಿಗೆ ಮರೆಯಾಯಿತು. ಅದು ಚಂದ್ರನಿಗಿಂತ ಬಹುದೂರದಲ್ಲಿದೆಯೆಂದು ಟೈಕೋ ಅಳತೆಯಿಂದ ಸಾಧಿಸಿ 1573ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ನಕ್ಷತ್ರಲೋಕದಲ್ಲಿ ಬದಲಾವಣೆಯೆಂಬುದೇ ಇಲ್ಲವೆಂದು ಯೂರೋಪಿನ ವಿದ್ವಾಂಸರು ಶತಮಾನಗಳಿಂದ ನಂಬಿದ್ದ ಮತಕ್ಕೆ ಅದು ದೊಡ್ಡ ಪೆಟ್ಟಾಯಿತು.

ಅಂದು ಕಂಡುದು ಹೊಸ ತಾರೆಯ ಜನನವಲ್ಲ, ಮುದಿ ತಾರೆಯ ಅಂತ್ಯವೆಂಬುದು ಈಗ ತಿಳಿದಿದೆ. ಉರಿಯಡಗಿ ಕುಗ್ಗಿದ್ದ ಶ್ವೇತಕುಬ್ಜವೊಂದು ಸಿಡಿದು, ತನ್ನ ದ್ರವ್ಯವನ್ನೆಲ್ಲ ದಶದಿಕ್ಕುಗಳಿಗೂ ಎರಚಿತು. ಇಂತಹ ತಾರಾಸ್ಫೋಟಕ್ಕೆ ಸೂಪರ್‌ನೋವಾ ಎಂದು ಹೆಸರು. ಎರಚಿ ಹರಡಿದ ದ್ರವ್ಯವನ್ನು ಸ್ಫೋಟಶೇಷವೆನ್ನಬಹುದು. ಟೈಕೋ ಕಂಡ ತಾರೆಯ ಶೇಷವನ್ನು 1952ರಲ್ಲಿ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್ ವೇಧಶಾಲೆಯವರು ಅದರ ರೇಡಿಯೋ ಅಲೆಗಳಿಂದ ಗುರುತಿಸಿದರು. ಅದು ಸುಮಾರು 8,000ದಿಂದ 10,000 ಜ್ಯೋತಿರ್ವರ್ಷಗಳಾಚೆ, ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಇಂದಿಗೂ ಹಿಗ್ಗುತ್ತಿರುವ ಒಂದು ಗೋಳವಾಗಿದೆ.

ಆ ಗೋಳವು ಹಿಗ್ಗುತ್ತಿರುವುದು ಬರಿಯ ಶೂನ್ಯದೊಳಕ್ಕಲ್ಲ. ತಾರೆಗಳ ನಡುವಣ ಅವಕಾಶದಲ್ಲಿ ಅತಿ ವಿರಳವಾದ ಅನಿಲವು ಹರಡಿಕೊಂಡಿದೆ. ಅದರಲ್ಲಿ ಹೆಚ್ಚಿನ ಪಾಲು ಜಲಜನಕ. ಜಲಜನಕದ ಪರಮಾಣುವಿನಲ್ಲಿ ಧನವಿದ್ಯುತ್ತುಳ್ಳ ಒಂದು ಪ್ರೋಟಾನೂ ಋಣವಿದ್ಯುತ್ತುಳ್ಳ ಒಂದು ಎಲೆಕ್ಟ್ರಾನೂ ಇರುವುವು. ಎರಡೂ ಸಮತೂಕವಾಗಿರುವುದರಿಂದ ಹೊರಗಿನವರ ಪಾಲಿಗೆ ಪರಮಾಣುವು ಧನವೂ ಅಲ್ಲ, ಋಣವೂ ಅಲ್ಲ, ಅದು ತಟಸ್ಥ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ತಟಸ್ಥವೆಂದರೆ ಒಳಗೆ ವಿದ್ಯುತ್ತೇ ಇಲ್ಲವೆಂದಲ್ಲ, ಇರುವ ಎರಡು ಎಳೆತಗಳೂ ತಕ್ಕಡಿಯ ತಟ್ಟೆಗಳಂತೆ ಸರಿತೂಗಿವೆಯೆಂದು ಅರ್ಥ.

ಬಣ್ಣವಿಲ್ಲದ, ಬೆಳಕಿಲ್ಲದ, ಕೊರೆಯುವ ಚಳಿಯಲ್ಲಿರುವ ಇಂತಹ ಮೇಘವು ಅಲ್ಲಿ ಇರುವುದೆಂದು ತಿಳಿಯುವುದಾದರೂ ಹೇಗೆ? ಪ್ರೋಟಾನು ಎಲೆಕ್ಟ್ರಾನುಗಳೆರಡಕ್ಕೂ ಬುಗುರಿಯ ಸುತ್ತಿನಂತಹ ಒಂದು ಗುಣವಿದೆ. ಎರಡರ ಸುತ್ತೂ ಒಂದೇ ಮುಖವಾಗಿದ್ದರೆ ಪರಮಾಣುವಿನ ಶಕ್ತಿಯು ಲೇಶಮಾತ್ರ ಹೆಚ್ಚು, ವಿಮುಖವಾದರೆ ಕಡಿಮೆ. ಹೆಚ್ಚಿನ ಸ್ಥಿತಿಯಿಂದ ಕಡಿಮೆಯ ಸ್ಥಿತಿಗೆ ತಿರುಗಿದಾಗ ಅದು 21 ಸೆಂಟಿಮೀಟರ್ ಉದ್ದದ ಒಂದು ರೇಡಿಯೋ ಅಲೆಯನ್ನು ಹೊರಬಿಡುತ್ತದೆ. ತನ್ನಷ್ಟಕ್ಕೆ ಬಿಟ್ಟರೆ ಒಂದೊಂದು ಪರಮಾಣುವೂ ಹೀಗೆ ತಿರುಗಲು ಸರಾಸರಿ 1.1 ಕೋಟಿ ವರ್ಷಗಳು ಬೇಕು. ಆದರೂ ಮೇಘದಲ್ಲಿರುವ ಪರಮಾಣುಗಳು ಅಸಂಖ್ಯಾತವಾದುದರಿಂದ ಒಂದಲ್ಲ ಒಂದು ಪ್ರತಿಕ್ಷಣವೂ ತಿರುಗುತ್ತಲೇ ಇರುವುದು.

ಇಂತಹ ಅಲೆಯೊಂದು ದೊರೆಯಬೇಕೆಂದು ಲೆಕ್ಕಹಾಕಿ ಹೇಳಿದವನು ಹಾಲೆಂಡಿನ ವಿದ್ಯಾರ್ಥಿ ವ್ಯಾನ್ ಡೆ ಹುಲ್ಸ್ಟ್; ಹೇಳಿದ್ದು 1944ರ ಏಪ್ರಿಲಿನಲ್ಲಿ, ಲೈಡನ್ ನಗರದ ವೇಧಶಾಲೆಯ ಒಂದು ಸಭೆಯಲ್ಲಿ. ಪ್ರಶ್ನೆಯನ್ನು ಅವನ ಮುಂದಿಟ್ಟವರು ಯಾನ್ ಊರ್ಟ್ ಎಂಬ ಹಿರಿಯ ಖಗೋಳಜ್ಞರು. ಆಗ ಆ ದೇಶವು ಜರ್ಮನರ ವಶದಲ್ಲಿದ್ದಿತು. ಯುದ್ಧದಲ್ಲಿ ತಾನು ತಟಸ್ಥವೆಂದು ಸಾರಿದ್ದ ಹಾಲೆಂಡಿನ ಮೇಲೆ 1940ರ ಮೇ 10ರಂದು ಸೈನ್ಯವು ನುಗ್ಗಿತ್ತು. ಆ ದಿನಗಳ ಕಥೆಯನ್ನು ಮುಂದೆ ನೋಡೋಣವಾಗಲಿ. ಯುದ್ಧವು ಮುಗಿದ ಮೇಲೆ, 1951ರ ಮಾರ್ಚ್ 25ರಂದು, ಅಮೆರಿಕದ ಹಾರ್ವರ್ಡ್‌ನಲ್ಲಿ ಯೂವೆನ್ ಮತ್ತು ಪರ್ಸೆಲ್ ಎಂಬುವರು ಆ ಅಲೆಯನ್ನು ಹಿಡಿದರು. ಕೆಲವೇ ವಾರಗಳಲ್ಲಿ ಹಾಲೆಂಡಿನವರೂ, ಬಳಿಕ ಆಸ್ಟ್ರೇಲಿಯದವರೂ ಅದನ್ನು ಸ್ಥಿರಪಡಿಸಿದರು. ಶೇಷಗಳಿಂದ ಬರುವ ಅಲೆಗಳನ್ನು ಮಧ್ಯದಲ್ಲಿರುವ ತಣ್ಣನೆಯ ಜಲಜನಕವು ಹೀರಿಕೊಳ್ಳುವುದನ್ನು ಅಳೆದು, ಆ ಶೇಷಗಳ ದೂರವನ್ನೂ ಊಹಿಸುವ ಕ್ರಮವು ಬಂದಿತು. ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ವಿ. ರಾಧಾಕೃಷ್ಣನ್ ಅವರು ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಿಂದ ಸಹೋದ್ಯೋಗಿಗಳೊಡನೆ ನಡೆಸಿ 1972ರಲ್ಲಿ ಪ್ರಕಟಿಸಿದ ಪರಿಶೀಲನೆಯು ಈ ಹೀರಿಕೆಯ ಅಧ್ಯಯನದಲ್ಲಿ ಪ್ರಸಿದ್ಧವಾದುದು.

ವೇದಾಂತಿಗಳು ವಸ್ತುವನ್ನು ತಿಳಿಸುವಲ್ಲಿ ಸ್ವರೂಪಲಕ್ಷಣ, ತಟಸ್ಥಲಕ್ಷಣ ಎಂದು ಎರಡು ಬಗೆಗಳನ್ನು ಹೇಳುವುದುಂಟು. ದೇವದತ್ತನ ಮನೆ ಯಾವುದೆಂದರೆ ‘ಅದೋ ಕಾಗೆ ಕುಳಿತಿರುವ ಮನೆ’ ಎಂದು ತೋರಿಸುವುದು ತಟಸ್ಥಲಕ್ಷಣ; ಕಾಗೆಯು ಮನೆಯ ಅಂಗವಲ್ಲ, ಆದರೂ ಮನೆಯನ್ನು ಗುರುತು ಮಾಡಿಕೊಡುತ್ತದೆ. ಸ್ಫೋಟಶೇಷದ ಸುತ್ತಣ ಮೇಘಗಳೂ ಹಾಗೆಯೇ. ಅವು ಸಿಡಿದ ತಾರೆಯ ಅಂಗಗಳಲ್ಲ. ಸ್ಫೋಟಕ್ಕೆ ಅವು ಕಾರಣವೂ ಅಲ್ಲ. ಆದರೂ ಟೈಕೋ ಕಂಡ ತಾರೆಯ ಶೇಷದ ಪೂರ್ವಭಾಗದ ಹೊರವಲಯದಲ್ಲಿ ದಟ್ಟವಾದ ತಟಸ್ಥ ಜಲಜನಕವಿದೆಯೆಂದು 1999ರಲ್ಲಿ ಪ್ರಕಟವಾದ ಶೋಧನೆಯೊಂದು ತೋರಿಸಿದ ಮೇಲೆಯೇ, ಆ ಗೋಳವು ಆ ಒಂದು ಕಡೆಯಲ್ಲಿ ಮಂದಗತಿಯಿಂದ ಹಿಗ್ಗುತ್ತಿರುವುದೇಕೆಂಬುದಕ್ಕೆ ಸಮಾಧಾನವು ದೊರೆಯಿತು.

ಇಷ್ಟನ್ನು ಕೇಳಿದವನೊಬ್ಬನು ಹೀಗೆ ವಾದಿಸಬಹುದು: ‘ಕೋಟಿ ವರ್ಷಗಳಿಗೊಮ್ಮೆ ಮಾತ್ರ ಮಿಸುಕುವ ಈ ಪರಮಾಣುವೇ ಆದರ್ಶ ತಟಸ್ಥನು. ಪಕ್ಕದಲ್ಲಿ ನಕ್ಷತ್ರವು ಸಿಡಿದರೂ ತನ್ನ ಪಾಡಿಗೆ ತಾನಿರುವುದು. ಗೀತೆಯೂ ಭಗವದ್ಭಕ್ತನ ಲಕ್ಷಣಗಳಲ್ಲಿ ಉದಾಸೀನತೆಯನ್ನು ಎಣಿಸಿದೆಯಲ್ಲವೆ? ಆದುದರಿಂದ ಲೋಕದ ಜಗಳಗಳಿಗೆ ಕಿವಿಗೊಡದೆ ದೂರವಿರುವುದೇ ಶ್ರೇಯಸ್ಕರ.’ ಈ ಪೂರ್ವಪಕ್ಷವು ಮೇಲುನೋಟಕ್ಕೆ ರಮ್ಯವಾಗಿದೆ. ಆದರೆ ಸ್ಫೋಟದ ಅಲೆಯು ಮೇಘವನ್ನು ಮುಟ್ಟಿದಾಗ ನಡೆಯುವುದನ್ನು ನೋಡಿದರೆ ಅದು ನಿಲ್ಲುವುದಿಲ್ಲ.

ಸ್ಫೋಟದ ಮುಂಚೂಣಿಯಲ್ಲಿ ಧಾವಿಸುವ ಆಘಾತತರಂಗವು ಕಾಂತಕ್ಷೇತ್ರಗಳ ಬಲದಿಂದ ವಿದ್ಯುತ್ಕಣಗಳನ್ನೆಲ್ಲ ಬಾಚಿ ತನ್ನೊಡನೆ ಎಳೆದೊಯ್ಯುತ್ತದೆ. ಧನವೋ ಋಣವೋ ಒಂದು ಪಕ್ಷಕ್ಕೆ ಸೇರಿದ ಕಣವು ಆ ಸೆಳೆತದಿಂದ ತಪ್ಪಿಸಿಕೊಳ್ಳಲಾರದು. ತಟಸ್ಥ ಪರಮಾಣುವಿಗಾದರೋ ಆ ಎಳೆತವು ತಗಲುವುದಿಲ್ಲ. ಅಲೆಯು ತನ್ನನ್ನು ದಾಟಿಹೋದಾಗಲೂ ಅದು ಇದ್ದಲ್ಲಿಯೇ ಇದ್ದು, ಈಗ ಕುದಿಯುವ ಕಣಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಅಲ್ಲಿ ಅದಕ್ಕೆ ಹೊಡೆತಗಳು ಬೀಳುವುವು. ಕೆಲವು ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಳ್ಳುವ ಮುನ್ನ ಒಮ್ಮೆ ಕೆಂಪಾಗಿ ಬೆಳಗುವುವು. ಇನ್ನು ಕೆಲವು ತಮ್ಮ ಎಲೆಕ್ಟ್ರಾನನ್ನು ರಭಸದಿಂದ ಬರುವ ಪ್ರೋಟಾನಿಗೆ ಒಪ್ಪಿಸುವುವು. ಹಾಗೆ ಪಡೆದ ಪ್ರೋಟಾನು ತಾನೇ ತಟಸ್ಥ ಪರಮಾಣುವಾಗಿ, ಅದೇ ರಭಸದಲ್ಲಿ ಓಡುತ್ತ ಬೆಳಗುವುದು. ಮೊದಲನೆಯ ಬೆಳಕು ತಣ್ಣಗಿದ್ದ ಮೇಘದ ಸ್ಥಿತಿಯನ್ನು ಹೇಳಿದರೆ, ಎರಡನೆಯದು ಆಘಾತದ ಉಗ್ರತೆಯನ್ನು ಹೇಳುತ್ತದೆ. ಟೈಕೋನ ಶೇಷದ ಅಂಚಿನಲ್ಲಿ ಕಾಣುವ ಕೆಂಪು ಎಳೆಗಳ ಅರ್ಥವು ಹೀಗೆಂದು 1978ರ ಸುಮಾರಿಗೆ ವಿವರಿಸಲ್ಪಟ್ಟಿತು. ಆಘಾತದ ಎಳೆತಕ್ಕೆ ಒಳಗಾಗದೆ ಅದರೊಳಗೆ ನಿಂತು ಪೆಟ್ಟು ತಿಂದ ಪರಮಾಣುವಿನಿಂದಲೇ ಆಘಾತದ ಅಳತೆಯು ತಿಳಿದುಬರುತ್ತದೆ. ಆ ಪೆಟ್ಟಿನಿಂದ ಅದರ ಹಿಂದಿನ ತಾಟಸ್ಥ್ಯವು ಉಳಿಯುವುದಿಲ್ಲವೆಂಬುದೂ ನಿಜ.

ಇನ್ನೊಂದು ಸಾಕ್ಷ್ಯವು ಇದಕ್ಕಿಂತಲೂ ಸೂಕ್ಷ್ಮವಾದುದು. ಆಕಾಶದ ಎಲ್ಲ ದಿಕ್ಕುಗಳಿಂದಲೂ ಭೂಮಿಯ ಮೇಲೆ ಅತಿವೇಗದ ಕಣಗಳು ಸುರಿಯುತ್ತಿವೆಯೆಂಬುದನ್ನು 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಏರಿ ಕಂಡುಹಿಡಿದನು. ತಾರಾಸ್ಫೋಟಗಳೇ ಅವುಗಳ ತವರೆಂದು 1934ರಲ್ಲಿ ಬಾಡೆ ಮತ್ತು ಝ್ವಿಕಿ ಎಂಬುವರು ಸೂಚಿಸಿದರು. ಆದರೆ ಸಾಧಿಸುವುದು ಹೇಗೆ? ಆ ಕಣಗಳು ವಿದ್ಯುತ್ತುಳ್ಳವು. ದಾರಿಯುದ್ದಕ್ಕೂ ಕಾಂತಕ್ಷೇತ್ರಗಳು ಅವನ್ನು ಸೊಟ್ಟಸೊಟ್ಟಾಗಿ ತಿರುಗಿಸುವುದರಿಂದ, ಬಂದುಮುಟ್ಟಿದ ಕಣವು ತನ್ನ ಊರಿನ ದಿಕ್ಕನ್ನು ಹೇಳಲಾರದು. ಸ್ಫೋಟಶೇಷದ ಬಳಿಯ ಮೇಘಕ್ಕೆ ಆ ಕಣಗಳು ಬಡಿದರೆ ಮಾತ್ರ ದಾರಿ ಕಾಣುವುದು: ಬಡಿತದಿಂದ ವಿದ್ಯುತ್ತಿಲ್ಲದ ಪಯಾನೆಂಬ ಕ್ಷಣಿಕ ಕಣವು ಹುಟ್ಟಿ, ಒಡನೆಯೇ ಗಾಮಾ ಕಿರಣಗಳಾಗಿ ಒಡೆಯುತ್ತದೆ. ಗಾಮಾ ಕಿರಣಕ್ಕೂ ವಿದ್ಯುತ್ತಿಲ್ಲ. ಅದನ್ನು ಯಾವ ಕಾಂತಕ್ಷೇತ್ರವೂ ತಿರುಗಿಸಲಾರದು. ಅದು ಹುಟ್ಟಿದೆಡೆಯಿಂದ ನೇರವಾಗಿ ಬರುತ್ತದೆ. ವೃಶ್ಚಿಕರಾಶಿಯ ಸ್ಫೋಟಶೇಷವೊಂದರ ಸುತ್ತ ಗಾಮಾ ಕಿರಣಗಳ ಹಂಚಿಕೆಯು ಅನಿಲದ ಹಂಚಿಕೆಯೊಡನೆ ಹೊಂದುವುದೇ ಎಂದು ನೋಡಿದಾಗ, ಸುಲಭವಾಗಿ ಕಾಣುವ ಅಣುಮೇಘಗಳನ್ನು ಮಾತ್ರ ಎಣಿಸಿದರೆ ಲೆಕ್ಕವು ಕೂಡಿಬರಲಿಲ್ಲ. ಕತ್ತಲೆಯಲ್ಲಿ ತಣ್ಣಗೆ ಅಡಗಿದ್ದ ತಟಸ್ಥ ಜಲಜನಕವನ್ನೂ ಸೇರಿಸಿದಾಗ ಎರಡೂ ಹೊಂದಿಕೊಂಡುವೆಂದು 2012ರಲ್ಲಿ ಜಪಾನಿನ ಶಾಸ್ತ್ರಜ್ಞರು ಮತ್ತು ಅವರ ಸಹಕಾರಿಗಳು ಪ್ರಕಟಿಸಿದರು. ಮರುವರ್ಷವೇ, ಫರ್ಮಿ ಎಂಬ ಉಪಗ್ರಹದ ಮೂಲಕ, ಮೇಘಗಳಿಗೆ ಬಡಿಯುತ್ತಿರುವ ಬೇರೆ ಎರಡು ಸ್ಫೋಟಶೇಷಗಳಲ್ಲಿ ಆ ಪಯಾನಿನ ಗುರುತೇ ದೊರೆಯಿತು.

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. ಪರಮಾಣುವಿಗೆ ಇಚ್ಛೆಯಿಲ್ಲ, ಸಂಕಲ್ಪವಿಲ್ಲ. ಅದು ಪೆಟ್ಟು ತಿನ್ನುವುದು ತ್ಯಾಗವಲ್ಲ, ಬೆಳಗುವುದು ಸತ್ಯಸಂಧತೆಯಲ್ಲ. ಜಡದಿಂದ ಧರ್ಮವನ್ನು ಹಿಂಡುವುದು ಮರಳಿನಿಂದ ಎಣ್ಣೆಯನ್ನು ತೆಗೆದಂತೆ. ಆಕ್ಷೇಪವು ಸರಿಯಾದುದೇ. ದೃಷ್ಟಾಂತವು ಪ್ರಮಾಣವಲ್ಲ; ಮೇಘವು ಮನುಷ್ಯನಿಗೆ ಏನು ಮಾಡಬೇಕೆಂದು ವಿಧಿಸಲಾರದು. ಆದರೆ ಬೆರೆತುಹೋದ ಎರಡು ಅರ್ಥಗಳನ್ನು ಬೇರ್ಪಡಿಸಿ ತೋರಿಸುವ ಕೆಲಸವನ್ನು ದೃಷ್ಟಾಂತವು ಮಾಡಬಲ್ಲದು. ಎಳೆತಕ್ಕೆ ಬಾಗದಿರುವುದು ಒಂದು. ಪೆಟ್ಟಿಗೆ ದೂರವಾಗಿರುವುದು ಇನ್ನೊಂದು. ಲೋಕವು ಇವೆರಡನ್ನೂ ತಾಟಸ್ಥ್ಯವೆಂದೇ ಕರೆಯುತ್ತದೆ. ಮೊದಲನೆಯದು ನಿಷ್ಪಕ್ಷಪಾತ, ಎರಡನೆಯದು ಬರಿಯ ಕ್ಷೇಮಾಪೇಕ್ಷೆ. ಮೇಘದಲ್ಲಿ ಮೊದಲನೆಯದು ಉಂಟು, ಎರಡನೆಯದು ಇಲ್ಲ. ಮನುಷ್ಯನಾದರೋ ಎರಡನೆಯದನ್ನು ಆರಿಸಿಕೊಂಡು ಮೊದಲನೆಯದರ ಹೆಸರನ್ನು ಅದಕ್ಕೆ ಇಡಬಲ್ಲನು.

ಮಹಾಭಾರತದಲ್ಲಿ ಈ ಎರಡರ ಚಿತ್ರವೂ ಇದೆ. ಭೀಮ ದುರ್ಯೋಧನರಿಬ್ಬರಿಗೂ ಗದಾವಿದ್ಯೆಯ ಗುರುವಾದ ಬಲರಾಮನು, ಯಾರ ಪಕ್ಷವನ್ನೂ ವಹಿಸಲಾರದೆ, ಯುದ್ಧಕಾಲದಲ್ಲಿ ಸರಸ್ವತೀ ತೀರದ ತೀರ್ಥಯಾತ್ರೆಗೆ ಹೊರಟುಹೋದನು. ಮರಳಿ ಬಂದುದು ಕಡೆಯ ಗದಾಯುದ್ಧದ ಹೊತ್ತಿಗೆ. ಭೀಮನು ನಾಭಿಯ ಕೆಳಗೆ ಹೊಡೆದುದನ್ನು ಕಂಡು ನೇಗಿಲನ್ನೆತ್ತಿ ಕೆರಳಿದನು. ಗದಾಯುದ್ಧದ ನಿಯಮವನ್ನು ನೋಡಿದರೆ ಅವನ ಮಾತು ತಪ್ಪಲ್ಲ. ಆದರೆ ಅದಕ್ಕೆ ಮೊದಲು ನಡೆದ ಹೊಡೆತಗಳಾವುವನ್ನೂ ಕಾಣದೆ ಕೊನೆಯದೊಂದನ್ನು ಮಾತ್ರ ಕಂಡವನ ತೀರ್ಪು ಹೇಗೆ ಪೂರ್ಣವಾದೀತು? ದೂರದಲ್ಲಿದ್ದವನು ಪಕ್ಷಪಾತಿಯಾಗದಿರಬಹುದು, ಸಾಕ್ಷಿಯೂ ಆಗಲಾರನು.

ದ್ರೌಪದಿಯ ಪ್ರಶ್ನೆಗೆ ಸಭೆಯ ಹಿರಿಯರು ಉತ್ತರ ಕೊಡದೆ ಕುಳಿತಾಗ ವಿದುರನು ಹೇಳಿದ ಕಥೆಯು ಇನ್ನೊಂದು. ಪ್ರಹ್ಲಾದನ ಮಗನಾದ ವಿರೋಚನನಿಗೂ ಸುಧನ್ವನೆಂಬ ಬ್ರಾಹ್ಮಣನಿಗೂ ತಮ್ಮಲ್ಲಿ ಯಾರು ಹೆಚ್ಚೆಂಬ ವಿವಾದವುಂಟಾಗಿ, ಪ್ರಾಣವನ್ನೇ ಪಣವಾಗಿಟ್ಟು, ನಿರ್ಣಯಕ್ಕೆ ಪ್ರಹ್ಲಾದನ ಬಳಿಗೇ ಬಂದರು. ಕಳವಳಗೊಂಡ ಪ್ರಹ್ಲಾದನು ಕಶ್ಯಪನನ್ನು ಕೇಳಿದನು. ಬಲ್ಲವನು ಆಸೆಯಿಂದಲೋ ಭಯದಿಂದಲೋ ಹೇಳದೆ ಉಳಿದರೆ ಅವನನ್ನು ವರುಣನ ಸಾವಿರ ಪಾಶಗಳು ಬಿಗಿಯುವುವೆಂದೂ, ವರ್ಷಕ್ಕೊಂದರಂತೆ ಅವು ಸಡಿಲುವುವೆಂದೂ, ಸಭೆಯಲ್ಲಿ ನಿಂದ್ಯವನ್ನು ನಿಂದಿಸದಿದ್ದರೆ ಪಾಪದಲ್ಲಿ ಅರ್ಧವು ಸಭೆಯ ಶ್ರೇಷ್ಠನಿಗೂ, ಕಾಲುಭಾಗವು ಮಾಡಿದವನಿಗೂ, ಉಳಿದ ಕಾಲುಭಾಗವು ಸುಮ್ಮನಿದ್ದ ಸಭಾಸದರಿಗೂ ಸಲ್ಲುವುದೆಂದೂ ಕಶ್ಯಪನು ತಿಳಿಸಿದನು. ಆಗ ಪ್ರಹ್ಲಾದನು ಸುಧನ್ವನೇ ಹೆಚ್ಚೆಂದು ಮಗನಿಗೆ ಹೇಳಿದನು. ಅವನಲ್ಲಿ ಪುತ್ರವಾತ್ಸಲ್ಯವಿರಲಿಲ್ಲವೆಂದಲ್ಲ, ವಾತ್ಸಲ್ಯವೂ ಧರ್ಮವೂ ಸರಿತೂಗಿ ನಿಂತಿದ್ದುವು. ಮಗನ ಪ್ರಾಣವನ್ನು ಸುಧನ್ವನು ಮೆಚ್ಚಿ ಹಿಂದಿರುಗಿಸಿದನೆಂಬುದು ಆಮೇಲಿನ ಮಾತು. ಹೇಳುವಾಗ ಅದು ತಂದೆಗೆ ತಿಳಿದಿರಲಿಲ್ಲ.

ಪುರಾತನ ಕಥೆಗಳು ಹಾಗಿರಲಿ; ಆ 21 ಸೆಂಟಿಮೀಟರ್ ಅಲೆಯ ಲೆಕ್ಕವು ಹೊರಬಿದ್ದ ಲೈಡನ್ ನಗರದಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಜರ್ಮನರು ಆ ದೇಶವನ್ನು ಹಿಡಿದ ವರ್ಷ ಅಲ್ಲಿಯ ವಿಶ್ವವಿದ್ಯಾಲಯದ ಯಹೂದಿ ಪ್ರಾಧ್ಯಾಪಕರನ್ನು ತೆಗೆದುಹಾಕುವ ಆಜ್ಞೆ ಬಂದಿತು. 1940ರ ನವೆಂಬರ್ 26ರಂದು, ಪದಚ್ಯುತರಾದ ಮೇಯರ್ಸ್ ಎಂಬ ನ್ಯಾಯಶಾಸ್ತ್ರಜ್ಞರು ಪಾಠ ಹೇಳಬೇಕಾಗಿದ್ದ ವೇಳೆಯಲ್ಲಿ, ಅವರ ಶಿಷ್ಯರೂ ನ್ಯಾಯಶಾಸ್ತ್ರ ವಿಭಾಗದ ಮುಖ್ಯಸ್ಥರೂ ಆದ ಕ್ಲೇವರಿಂಗ ಅವರು ಎದ್ದು ನಿಂತು ಭಾಷಣ ಮಾಡಿದರು. ಅದರಲ್ಲಿ ಬೈಗುಳವಿರಲಿಲ್ಲ, ತಮ್ಮ ಗುರುವಿನ ವಿದ್ವತ್ತು ಎಂತಹುದು, ಆಜ್ಞೆಯು ತೆಗೆದುಹಾಕಿದ್ದು ಎಂತಹವರನ್ನು ಎಂಬುದನ್ನು ಇದ್ದುದಿದ್ದಂತೆ ಹೇಳಿದರು. ಅಷ್ಟಕ್ಕೇ ಅವರು ಸೆರೆಮನೆಗೆ ಹೋದರು, ವಿದ್ಯಾರ್ಥಿಗಳು ಪಾಠವನ್ನು ಬಿಟ್ಟರು, ವಿಶ್ವವಿದ್ಯಾಲಯವನ್ನೇ ಮುಚ್ಚಲಾಯಿತು. ಊರ್ಟ್ ಅವರೂ ತಮ್ಮ ಪದವಿಯನ್ನು ತ್ಯಜಿಸಿ ಹಳ್ಳಿಗೆ ಹೋಗಿ ನೆಲಸಿದರು. ನ್ಯಾಯಶಾಸ್ತ್ರದ ಪಂಡಿತನಿಗೆ ನಿಷ್ಪಕ್ಷಪಾತವು ವೃತ್ತಿಧರ್ಮ. ಅದನ್ನೇ ನೆವಮಾಡಿಕೊಂಡು ಅಂದು ಮನೆಯಲ್ಲಿ ಕುಳಿತಿರಲು ಅಡ್ಡಿಯಿರಲಿಲ್ಲ. ಕ್ಲೇವರಿಂಗ ಅವರು ಅದನ್ನು ಮಾತನಾಡಲು ಕಾರಣವನ್ನಾಗಿ ಮಾಡಿಕೊಂಡರು.

ಹೀಗಿರುವಲ್ಲಿ ಮೊದಲಿನ ಪ್ರಶ್ನೆಗೆ ಉತ್ತರವು ದೊರೆತಂತಾಯಿತು. ಮನಸ್ಸು ಬಾಗದಿರುವುದೆಂಬ ತಾಟಸ್ಥ್ಯವು ಗುಣವೇ. ಆದರೆ ಅದು ಕೊನೆಯ ಫಲವಲ್ಲ, ಸಾಕ್ಷ್ಯಕ್ಕೆ ಬೇಕಾದ ಅರ್ಹತೆ. ಬಾಗಿದವನು ಕಂಡುದನ್ನು ಹೇಳಿದರೂ, ಅವನು ಯಾವ ದಿಕ್ಕಿನಿಂದ ಬಂದನೆಂಬುದೇ ತಿಳಿಯದ ಕಣದಂತೆ, ಕೇಳಿದವರಿಗೆ ಪ್ರಯೋಜನವಿಲ್ಲ. ಬಾಗದವನು ಹೇಳದೆ ಉಳಿದರೆ ಆ ಅರ್ಹತೆಯು ವ್ಯರ್ಥವಾಗುವುದು. ಅಷ್ಟೇ ಅಲ್ಲ, ಅವನ ಮೌನವನ್ನು ಗೆದ್ದವನು ಸಮ್ಮತಿಯೆಂದು ತೋರಿಸಿಕೊಳ್ಳುವನು. ಹಾಗೆಂದು ತಿಳಿಯದ ವಿಷಯದಲ್ಲಿ ಬಾಯಿ ಹಾಕುವುದೂ, ಎಲ್ಲ ಜಗಳಕ್ಕೂ ಹೆಗಲು ಕೊಡುವುದೂ ಧರ್ಮವೆನಿಸದು. ಬಲ್ಲವನಾಗಿ, ಕೇಳಿದಾಗ, ತನಗೆ ತಗಲುವ ಪೆಟ್ಟನ್ನು ಮುಂದೆಮಾಡಿಕೊಂಡು ಸುಮ್ಮನಿರುವುದೇ ದೋಷವು.

ಟೈಕೋ ಕಂಡ ತಾರೆಯ ವಿಷಯದಲ್ಲಿ ಕಡೆಯದಾಗಿ ಒಂದು ಮಾತುಂಟು. ಆ ಸ್ಫೋಟದ ಬೆಳಕಿನಲ್ಲಿ ಒಂದಂಶವು ನೇರವಾಗಿ ಬರದೆ, ದೂರದ ಧೂಳುಮೇಘವೊಂದಕ್ಕೆ ತಗುಲಿ ಪ್ರತಿಫಲಿತವಾಗಿ, ಸುತ್ತುದಾರಿಯಲ್ಲಿ ಬಂದು, 436 ವರ್ಷಗಳ ತರುವಾಯ 2008ರಲ್ಲಿ ಹವಾಯಿ ದ್ವೀಪದ ಸುಬಾರು ದೂರದರ್ಶಕದಲ್ಲಿ ಪರೀಕ್ಷಿಸಲ್ಪಟ್ಟಿತು. ಸಿಡಿದುದು ಶ್ವೇತಕುಬ್ಜವೇ ಎಂಬ ನಿರ್ಣಯವು ಖಚಿತವಾದುದು ಆ ಬೆಳಕಿನಿಂದ. ಸತ್ತ ತಾರೆಗೆ ಅವಸರವಿಲ್ಲ. ಅದರ ಸಾಕ್ಷ್ಯವು ನಾನೂರು ವರ್ಷ ತಡವಾದರೂ ನಷ್ಟವಿಲ್ಲ. ಬದುವನ್ನು ಕಳೆದುಕೊಂಡ ದಾಯಾದಿಯು ಅಷ್ಟು ಕಾಲ ಕಾಯಲಾರನು. ಅವನ ಆಯುಸ್ಸು ಚಿಕ್ಕದು, ಅವನ ಮಕ್ಕಳ ಅನ್ನವು ಆ ನೆಲದಲ್ಲಿದೆ. ಊರಿನ ಹಿರಿಯರು ಹೇಳತಕ್ಕುದನ್ನು ಆ ಸಂಜೆ, ಆ ಜಗುಲಿಯ ಮೇಲೆಯೇ ಹೇಳಬೇಕಾಗುತ್ತದೆ. ಹೇಳಿದ ಮರುದಿನ ಇಬ್ಬರಲ್ಲೊಬ್ಬನು ಅವರ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಹೋದಾನು. ಅದನ್ನು ಸಹಿಸಿಕೊಳ್ಳಬಲ್ಲವರನ್ನೇ ತಟಸ್ಥರೆಂದು ಕರೆದು ಕೂರಿಸುವುದು ಉಚಿತವು.